ಗಾಳಿ ಇಳಿದದ್ದನ್ನು ಹೇಳುವವರು ಯಾರು?

ಚನ್ನಪಟ್ಟಣದಲ್ಲಿ ಹಳೇ ಮೈಸೂರು ರಸ್ತೆಯ ಗೊಂಬೆ ಅಂಗಡಿಗಳ ಸಾಲು ಮುಗಿಯುವ ಕಡೆ ಒಂದು ಪಂಕ್ಚರ್ ಅಂಗಡಿ ಇದೆ. ನಾನು ಗಾಳಿ ಹೊಡೆಸುವುದು ಅಲ್ಲೇ. ಅಂಗಡಿಯವರು ಕುರ್ಚಿಯಲ್ಲಿ ಕೂತೇ ರಸ್ತೆಯ ಮೇಲೆ ಹೋಗುವ ಗಾಡಿಗಳ ಚಕ್ರ ನೋಡುತ್ತಿರುತ್ತಾರೆ. "ಅಣ್ಣಾ, ಹಿಂದ್ಗಡೆ ಟೈರು ಕೂತೈತೆ, ನಿಲ್ಸು" ಎಂದು ಅವರು ಕೂಗಿ ನಿಲ್ಲಿಸಿದ ಗಾಡಿಗಳಿಗೆ ಲೆಕ್ಕವಿಲ್ಲ. ಅವರು ನೋಡದಿದ್ದರೆ ಪಕ್ಕದಲ್ಲಿ ಬಂದ ಬೈಕಿನವನು ಕೈ ತೋರಿಸುತ್ತಿದ್ದ. ಅವನೂ ನೋಡದಿದ್ದರೆ ಟೀ ಅಂಗಡಿ ಮುಂದೆ ನಿಂತವರು ಹೇಳುತ್ತಿದ್ದರು. ಬಿಡದಿಯಿಂದ ಮದ್ದೂರಿನವರೆಗೂ ಹಳೇ ರಸ್ತೆ ಹಾಗೇ ಇತ್ತು. ಗಾಡಿಯ ಕಷ್ಟ ಒಳಗೆ ಕೂತವರಿಗಿಂತ ಮೊದಲು ದಾರಿಯಲ್ಲಿದ್ದವರಿಗೆ ತಿಳಿಯುತ್ತಿತ್ತು.

2023ರ ಮಾರ್ಚ್ 12ರಂದು ಉದ್ಘಾಟನೆಯಾದ ಹೊಸ ಬೆಂಗಳೂರು–ಮೈಸೂರು ಹೆದ್ದಾರಿ ಈ ಊರುಗಳನ್ನೆಲ್ಲ ಪಕ್ಕಕ್ಕೆ ಬಿಟ್ಟು ಬೈಪಾಸಿನಲ್ಲಿ ಸಾಗುತ್ತದೆ. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಹಾದಿಗೆ ಬೈಕು, ಆಟೊ, ಟ್ರ್ಯಾಕ್ಟರ್ ಬರುವಂತಿಲ್ಲ. ಅದು ಸರಿಯಾದ ತೀರ್ಮಾನವೇ. ಆದರೆ ಅದರ ಜೊತೆಗೇ ಇನ್ನೊಂದು ಬದಲಾವಣೆಯೂ ಆಯಿತು. ರಾಮನಗರ–ಚನ್ನಪಟ್ಟಣ ಬೈಪಾಸಿನಲ್ಲಿ ಗಂಟೆಗೆ 100 ಕಿಲೋಮೀಟರಿನಂತೆ ಹೋಗುವಾಗ ನಿಮ್ಮ ಟೈರು ನೋಡಿ ಕೂಗುವವರು ಯಾರೂ ಇಲ್ಲ. ಪಕ್ಕದ ಕಾರಿನವರ ಕಿಟಕಿ ಏರಿಸಿರುತ್ತದೆ. ಪಂಕ್ಚರ್ ಅಂಗಡಿ ಕೆಳಗೆ ಊರೊಳಗೆ ಉಳಿಯಿತು.

ಇದು ನನಗೆ ಅರ್ಥವಾದದ್ದು ನಮ್ಮ ಬಾವನ ಗಾಡಿಯಿಂದ. ಅವರು ಒಂದು ಹಳೇ ಟೆಂಪೊ ಟ್ರಾವೆಲರ್ ಕೊಂಡು, ಆರ್‌ಟಿಒ ಅನುಮತಿ ಪಡೆದು, ಒಳಗೆ ಮಲಗುವ ಹಲಗೆ, ಒಲೆ, ನೀರಿನ ಟ್ಯಾಂಕು, ಬ್ಯಾಟರಿ, ಇನ್ವರ್ಟರ್ ಹಾಕಿಸಿ ಕ್ಯಾರವಾನ್ ಮಾಡಿಕೊಂಡಿದ್ದಾರೆ. ರಜೆ ಬಂದರೆ ಮನೆಮಂದಿಯೆಲ್ಲ ಅದರಲ್ಲೇ ಕೊಡಗು, ವಯನಾಡು. ಒಂದು ಬೇಸಿಗೆ, ಎರಡು ತಿಂಗಳು ಮಾಗಡಿಯ ಮನೆ ಮುಂದೆ ನಿಂತಿದ್ದ ಗಾಡಿಯನ್ನು ಬೆಳಿಗ್ಗೆ ತೊಳೆದು, ಟ್ಯಾಂಕಿಗೆ ನೀರು ತುಂಬಿಸಿ, ಎಂಟು ಜನ ಹತ್ತಿ ಹೊರಟೆವು. ರಾಮನಗರಕ್ಕೆ ಇಳಿದು ಹೊಸ ರಸ್ತೆ ಹಿಡಿದೆವು. ಚನ್ನಪಟ್ಟಣ ದಾಟುವ ಹೊತ್ತಿಗೆ ಅಕ್ಕ "ಏನೋ ಸುಟ್ಟ ವಾಸನೆ" ಅಂದಳು. ಒಲೆ ನೋಡಿದೆವು, ಇನ್ವರ್ಟರ್ ಮುಟ್ಟಿ ನೋಡಿದೆವು. ಚಕ್ರದ ನೆನಪು ಯಾರಿಗೂ ಬರಲಿಲ್ಲ. ಬಾವ ಗಾಡಿ ಅಂಚಿಗೆ ತಂದು ಇಳಿದಾಗ ಹಿಂದಿನ ಬಲಗಡೆ ಟೈರು ಕೈ ಇಡಲಾಗದಷ್ಟು ಕಾದಿತ್ತು. ಮಾರನೆಯ ದಿನ ಅದನ್ನು ಡಿಸ್ಕಿನಿಂದ, ಅಂದರೆ ರಿಮ್ಮಿನಿಂದ, ಬಿಡಿಸಿದಾಗ ಒಳಗಿಂದ ಒಂದು ಬೊಗಸೆ ಕಪ್ಪು ಪುಡಿ ಸುರಿಯಿತು. ಕಾಫಿಪುಡಿಯ ಹಾಗಿತ್ತು. ಅದು ಟೈರಿನ ಒಳಗೋಡೆಯೇ ತೇಯ್ದು ಪುಡಿಯಾದದ್ದು. ಅಂಗಡಿಯವರು ಅಂಗೈಯಲ್ಲಿ ಹಿಡಿದು ತೋರಿಸಿ, "ಇನ್ನೊಂದೈದು ನಿಮಿಷ ಓಡಿದ್ರೆ ಬ್ಲಾಸ್ಟ್ ಆಗೋದು ಸಾರ್" ಅಂದರು. ಮೊಳೆ ಚುಚ್ಚಿರಲಿಲ್ಲ. ಎರಡು ತಿಂಗಳು ನಿಂತಲ್ಲೇ ವಾಲ್ವ್‌ನಿಂದ ಸೋರಿ ಸೋರಿ ಗಾಳಿ ಇಳಿದಿತ್ತು. ನಾವು ಯಾರೂ ನೋಡಿರಲಿಲ್ಲ.

ಟೈರಿನ ಗಾಳಿ ತಿಳಿಸುವ ಸಾಧನ, ಅಂದರೆ ಟಿಪಿಎಂಎಸ್, ಕೊಳ್ಳುವುದು ಹೇಗೆಂದು ಅಂದಿನಿಂದ ನಾಲ್ಕಾರು ಗಾಡಿಗಳಿಗೆ ಹಾಕಿಸಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕ್ಯಾರವಾನ್ ಇಟ್ಟವರು ನಮ್ಮಲ್ಲಿ ಕಡಿಮೆ. ಆದರೆ ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಹೋಗುವ ಪಿಕಪ್, ಮಾವಿನ ಕ್ರೇಟ್ ಹೊರುವ ಕ್ಯಾಂಟರ್, ಶಾಲಾ ಮಕ್ಕಳ ಮಿನಿಬಸ್ ಇವುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಕಾರಿಗೂ ಅಷ್ಟೆ.

ಬಿಸಿಲಿಗೆ ಟೈರು ಒಡೆಯುತ್ತದೆ ಎಂದು ಎಲ್ಲರೂ ಹೇಳುತ್ತೇವೆ. ಬಿಸಿಲು ಒಂದು ಪಾಲು ಮಾತ್ರ. ನಿಜವಾದ ಶಾಖ ಹುಟ್ಟುವುದು ಟೈರಿನ ಒಳಗೇ. ಗಾಳಿ ಕಡಿಮೆಯಿದ್ದಾಗ ನೆಲಕ್ಕೆ ತಾಗುವ ಕಡೆ ಟೈರಿನ ಪಕ್ಕದ ಗೋಡೆ ಬಗ್ಗುತ್ತದೆ, ಮೇಲೆ ಬಂದಾಗ ನೆಟ್ಟಗಾಗುತ್ತದೆ. ತಂತಿಯನ್ನು ಹತ್ತು ಸಲ ಬಗ್ಗಿಸಿ ನೆಟ್ಟಗೆ ಮಾಡಿದರೆ ಬಿಸಿಯಾಗುವುದನ್ನು ಹುಡುಗರಾಗಿದ್ದಾಗ ಎಲ್ಲರೂ ನೋಡಿದ್ದೇವೆ. ಟೆಂಪೊ ಟ್ರಾವೆಲರ್ ಅಳತೆಯ ಟೈರು ನೂರು ಕಿಲೋಮೀಟರ್ ವೇಗದಲ್ಲಿ ನಿಮಿಷಕ್ಕೆ ಸುಮಾರು 750 ಸುತ್ತು ಸುತ್ತುತ್ತದೆ. ಅಂದರೆ ಗೋಡೆಯ ಪ್ರತಿಯೊಂದು ಜಾಗವೂ ನಿಮಿಷಕ್ಕೆ 750 ಸಲ ಬಗ್ಗುತ್ತದೆ. ಒಳಗಿನ ದಾರ, ತಂತಿಗಳಿಗೂ ರಬ್ಬರಿಗೂ ಇರುವ ಹಿಡಿತ ಆ ಶಾಖಕ್ಕೆ ಬಿಡುತ್ತದೆ. ಕನಕಪುರ ರಸ್ತೆಯಲ್ಲಿ ನಲವತ್ತು–ಐವತ್ತರಲ್ಲಿ ಹೋಗುವಾಗ ತಡೆದುಕೊಳ್ಳುತ್ತಿದ್ದ ಅದೇ ಟೈರು ಹೊಸ ಹೆದ್ದಾರಿಯಲ್ಲಿ ತಡೆಯುವುದಿಲ್ಲ. ತಲೆಬಿಸಿಲಿನ ಮೇಲೆ ಇದೂ ಸೇರಿದರೆ ಕೇಳುವುದೇ ಬೇಡ.

ಇನ್ನು ಸಾಧನದ ವಿಷಯ. ಇದರಲ್ಲಿ ಎರಡು ಜಾತಿ. ಹೊಸ ಕಾರುಗಳ ಕೆಲವು ಮಾದರಿಗಳಲ್ಲಿ ಕಂಪನಿಯೇ ಕೊಡುವ, ವಿವರಪಟ್ಟಿಯಲ್ಲಿ ಐ-ಟಿಪಿಎಂಎಸ್ ಎಂದು ಬರೆದಿರುವ ಬಗೆ ಗಾಳಿಯನ್ನು ಅಳೆಯುವುದೇ ಇಲ್ಲ. ಎಬಿಎಸ್ ಬ್ರೇಕಿಗೆಂದು ಪ್ರತಿ ಚಕ್ರದ ಸುತ್ತು ಎಣಿಸುವ ಸಾಧನ ಇದ್ದೇ ಇರುತ್ತದಲ್ಲ, ಆ ಎಣಿಕೆಯನ್ನೇ ನೋಡಿ ಅಂದಾಜು ಮಾಡುತ್ತದೆ. ಗಾಳಿ ಇಳಿದ ಚಕ್ರ ಸ್ವಲ್ಪ ಕುಗ್ಗಿ, ಉಳಿದವುಗಳಿಗಿಂತ ತುಸು ಹೆಚ್ಚು ಸುತ್ತುತ್ತದೆ. ಆ ವ್ಯತ್ಯಾಸ ಕಂಡಾಗ ದೀಪ ಹತ್ತುತ್ತದೆ. ಅದರ ಕೊರತೆ ಎಂದರೆ, ಗಾಡಿ ತಿಂಗಳುಗಟ್ಟಲೆ ನಿಂತು ನಾಲ್ಕೂ ಚಕ್ರದ ಗಾಳಿ ಒಟ್ಟಿಗೇ ಇಳಿದರೆ ಅದಕ್ಕೆ ಗೊತ್ತಾಗುವುದು ಕಷ್ಟ. ಗಾಳಿ ಹೊಡೆಸಿದ ಮೇಲೆ ಪ್ರತಿಸಲ ರೀಸೆಟ್ ಒತ್ತಬೇಕು. ಗಾಳಿ ಕಡಿಮೆಯಿರುವಾಗಲೇ ರೀಸೆಟ್ ಒತ್ತಿದರೆ ಅದೇ ಸರಿಯಾದ ಲೆಕ್ಕವೆಂದು ಅದು ನಂಬಿಬಿಡುತ್ತದೆ. ಕಾರಿನಲ್ಲಿ ಅದಿದ್ದರೆ ಇರಲಿ. ಆದರೆ ಅದನ್ನೇ ನೆಚ್ಚಿ ವಾರದ ತಪಾಸಣೆ ಬಿಡಬೇಡಿ.

ಎರಡನೆಯದು ಚಕ್ರಕ್ಕೊಂದು ಸೆನ್ಸರ್ ಇಟ್ಟು ಗಾಳಿಯನ್ನೂ ಶಾಖವನ್ನೂ ನೇರವಾಗಿ ಅಳೆದು, ತಂತಿಯಿಲ್ಲದೆ ಮುಂದಿನ ಪುಟ್ಟ ಪರದೆಗೆ ಕಳಿಸುವ ಬಗೆ. ಹೊರಗಿಂದ ಕೊಂಡು ಹಾಕಿಸಬಹುದಾದದ್ದು ಇದೇ. ಇದರಲ್ಲಿ ಮತ್ತೆ ಹೊರಗಿನದು, ಒಳಗಿನದು ಎಂದು ಎರಡು. ಹೊರಗಿನದು ವಾಲ್ವ್ ಮುಚ್ಚಳದ ಜಾಗದಲ್ಲಿ ತಿರುಗಿಸಿ ಕೂರಿಸುವ ಪುಟ್ಟ ಡಬ್ಬಿ. ಒಳಗಿನದನ್ನು ಟೈರು ಬಿಚ್ಚಿ, ಡಿಸ್ಕಿಗೆ ವಾಲ್ವ್ ಜೊತೆಯಲ್ಲೇ ಕೂರಿಸಿ, ಮತ್ತೆ ಬ್ಯಾಲೆನ್ಸಿಂಗ್ ಮಾಡಿಸಬೇಕು.

ಕಾರಿಗೆ ನನ್ನ ಮಟ್ಟಿಗೆ ಒಳಗಿನದೇ ಮೇಲು. ಕಳ್ಳರ ಕೈಗೆ ಸಿಗುವುದಿಲ್ಲ, ಮಳೆ ಕೆಸರು ತಾಗುವುದಿಲ್ಲ, ಗಾಳಿ ಹೊಡೆಸುವಾಗ ಬಿಚ್ಚುವ ರಗಳೆಯಿಲ್ಲ. ಹೊಸ ಟೈರು ಹಾಕಿಸುವಾಗಲೇ ಕೂರಿಸಿದರೆ ಬಿಚ್ಚುವ ಕೂಲಿಯೂ ಉಳಿಯುತ್ತದೆ. ಆದರೆ ಅದರ ಬ್ಯಾಟರಿ ಮುಗಿದಾಗ ಮತ್ತೆ ಟೈರು ಬಿಚ್ಚಬೇಕು. ಪಿಕಪ್, ಕ್ಯಾಂಟರ್, ಕ್ಯಾರವಾನ್ ಇಟ್ಟವರಿಗೆ ನಾನು ಹೊರಗಿನದನ್ನೇ ಹೇಳುತ್ತೇನೆ. ಅವರ ಟೈರುಗಳು ಮೇಲಿಂದ ಮೇಲೆ ಬಿಚ್ಚಿಸಿಕೊಳ್ಳುತ್ತವೆ, ಹಿಂದಿನದು ಮುಂದೆ ಬರುತ್ತದೆ, ಸ್ಟೆಪ್ನಿ ಕೆಳಗಿಳಿಯುತ್ತದೆ. ಟ್ಯೂಬ್ ಇರುವ ಟೈರುಗಳೂ ಇನ್ನೂ ಇವೆ. ಅವಕ್ಕೆ ಒಳಗಿನ ಸೆನ್ಸರ್ ಆಗುವುದಿಲ್ಲ. ಹೊರಗಿನದಾದರೆ ನಾಣ್ಯದಂಥ ಬ್ಯಾಟರಿಯನ್ನು ಮನೆಯಲ್ಲೇ ಬದಲಾಯಿಸಿಕೊಳ್ಳಬಹುದು. ಬ್ಯಾಟರಿ ಬದಲಾಯಿಸಲಾಗದಂತೆ ಮುಚ್ಚಿಬಿಟ್ಟ ಸೆನ್ಸರ್ ಮಾತ್ರ ಅಗ್ಗಕ್ಕೆ ಸಿಕ್ಕರೂ ತರಬೇಡಿ.

ಹೊರಗಿನ ಸೆನ್ಸರ್ ಹಾಕುವವರು ಒಂದು ಮಾತನ್ನು ಕಡ್ಡಾಯವಾಗಿ ನೆನಪಿಡಬೇಕು. ಬಹಳ ಗಾಡಿಗಳಲ್ಲಿ ವಾಲ್ವ್ ಕಡ್ಡಿ ರಬ್ಬರಿನದು. ಹತ್ತು ಗ್ರಾಂ ತೂಗುವ ಡಬ್ಬಿ ಏನು ಮಹಾ ಅನ್ನಿಸುತ್ತದೆ. ಆದರೆ ಚಕ್ರ ಸುತ್ತುವಾಗ ಅದು ಹೊರಕ್ಕೆ ಎಳೆಯುತ್ತದೆ. ಲೆಕ್ಕ ಹಾಕಿ ನೋಡಿದರೆ, ನೂರರ ವೇಗದಲ್ಲಿ ಆ ಹತ್ತು ಗ್ರಾಂ ಒಂದು ಕಿಲೋಗೂ ಹೆಚ್ಚಿನ ತೂಕ ನೇತುಹಾಕಿದ ಹಾಗೆ ಎಳೆಯುತ್ತಿರುತ್ತದೆ. ಕಾರಿನ ಸಣ್ಣ ಚಕ್ರದಲ್ಲಿ ಒಂದೂವರೆ ಕಿಲೋದಷ್ಟು. ಹಳೆಯ, ಬಿರುಕುಬಿಟ್ಟ ರಬ್ಬರ್ ಕಡ್ಡಿ ಬುಡದಲ್ಲಿ ಸೀಳಿಕೊಂಡರೆ ಗಾಳಿ ಕಾಯಲೆಂದು ಹಾಕಿದ್ದೇ ಗಾಳಿ ಕಳೆಯುತ್ತದೆ. ಅದಕ್ಕೇ ಮೊದಲು ಲೋಹದ ವಾಲ್ವ್ ಹಾಕಿಸಿ, ಆಮೇಲೆ ಸೆನ್ಸರ್ ಕೂರಿಸಿ. ಇದರ ಖರ್ಚು ಅಲ್ಪ. ಕೂರಿಸಿದ ಮೇಲೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ. ಮೂರು ತಿಂಗಳಿಗೊಮ್ಮೆ ಬಿಚ್ಚಿ, ತಿರುಪಿನ ಗೆರೆ ಒರೆಸಿ ಮತ್ತೆ ಹಾಕಿ. ಅಲ್ಯೂಮಿನಿಯಂ ಮತ್ತು ಹಿತ್ತಾಳೆ ಒಂದಕ್ಕೊಂದು ತಾಗಿ ವರ್ಷಗಟ್ಟಲೆ ಮಳೆಯಲ್ಲಿ ನೆನೆದರೆ ಹಿಡಿದುಕೊಂಡುಬಿಡುತ್ತವೆ. ಆಗ ಸೆನ್ಸರ್ ಬಿಚ್ಚಲು ಹೋಗಿ ವಾಲ್ವೇ ಕಿತ್ತುಬರುತ್ತದೆ.

ಹಿಂದೆ ಜೋಡಿ ಚಕ್ರ ಇರುವ ಮಿನಿಬಸ್, ಕ್ಯಾಂಟರ್‌ಗಳದ್ದು ಬೇರೆಯೇ ಕಥೆ. ಒಳಗಿನ ಚಕ್ರ ಕಣ್ಣಿಗೆ ಬೀಳುವುದಿಲ್ಲ. ಅದು ಪೂರ್ತಿ ಕೂತರೂ ಹೊರಗಿನದು ಭಾರ ಹೊತ್ತುಕೊಂಡು ಸುಮ್ಮನಿರುತ್ತದೆ. ಕಬ್ಬಿಣದ ಸಲಾಕೆಯಲ್ಲಿ ತಟ್ಟಿ ಸದ್ದು ಕೇಳಿ ಹೇಳುವ ಡ್ರೈವರುಗಳನ್ನು ನೋಡಿದ್ದೇವೆ. ಅದು ಗಾಳಿ ಪೂರ್ತಿ ಹೋಗಿದೆಯೇ ಎಂದು ಹೇಳುತ್ತದೆ, ಇಪ್ಪತ್ತು ಪಾಯಿಂಟ್ (ಪಿಎಸ್ಐ) ಕಡಿಮೆಯಿದೆಯೇ ಎಂದು ಹೇಳುವುದಿಲ್ಲ. ಟಿಪಿಎಂಎಸ್ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಈ ಒಳಚಕ್ರಕ್ಕೇ. ಇಂಥ ಗಾಡಿಗೆ, ಸೆನ್ಸರ್ ಬಿಚ್ಚದೆ ಅದರ ಮೂಲಕವೇ ಗಾಳಿ ತುಂಬಬಹುದಾದ ಬಗೆ ಸಿಗುತ್ತದೆ. ಅದು ತುಸು ಭಾರ, ಲೋಹದ ವಾಲ್ವ್ ಇಲ್ಲದೆ ಹಾಕಲೇಬಾರದು. ಒಳಚಕ್ರದ ವಾಲ್ವ್‌ಗೆ ಕೊಳವೆ ಜೋಡಿಸಿದ್ದರೆ ಅದು ಅಲುಗಾಡದಂತೆ ಕ್ಲಿಪ್ ಹಾಕಿಸಿ.

ಅಮೆರಿಕದಲ್ಲಿ 1990ರ ದಶಕದ ಕೊನೆಗೆ ಫೈರ್‌ಸ್ಟೋನ್ ಟೈರು ಹಾಕಿದ ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳು ಟೈರು ಸುಲಿದು ಮಗುಚಿ ಬಹಳ ಸಾವಾದ ಮೇಲೆ, 2000ದಲ್ಲಿ ಈ ಸಾಧನ ಬೇಕೆಂಬ ಕಾನೂನು ಬಂತು. 2007ರ ಸೆಪ್ಟೆಂಬರಿನಿಂದ ಅಲ್ಲಿ ಎಲ್ಲ ಹೊಸ ಕಾರಿಗೂ ಟಿಪಿಎಂಎಸ್ ಕಡ್ಡಾಯ. ಆದರೆ ಆ ನಿಯಮ 4,536 ಕಿಲೋ ಒಳಗಿನ ಗಾಡಿಗಳಿಗೆ ಮಾತ್ರ. ಜೋಡಿ ಚಕ್ರದವು ಅದರ ಹೊರಗೆ. ಹಾಗಾಗಿ ಮನೆಯಂಥ ದೊಡ್ಡ ಗಾಡಿ ಇಟ್ಟವರು ತಾವೇ ಕೊಂಡು ಹಾಕಿಸಿಕೊಳ್ಳಬೇಕಾಯಿತು. ಆರು–ಹತ್ತು ಚಕ್ರಕ್ಕಾಗುವ ಸೆಟ್ಟುಗಳು ಇಂದು ನಮಗೂ ಸಿಗುತ್ತವೆ. ನಮ್ಮಲ್ಲಿ ಕಡ್ಡಾಯವಿಲ್ಲ. 2020ರ ಜುಲೈನಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮ ತಿದ್ದಿ, ಟ್ಯೂಬ್‌ಲೆಸ್ ಟೈರು, ಟಿಪಿಎಂಎಸ್, ಪಂಕ್ಚರ್ ರಿಪೇರಿ ಕಿಟ್ ಮೂರೂ ಇರುವ ಸಣ್ಣ ಗಾಡಿಗಳಿಗೆ ಸ್ಟೆಪ್ನಿ ಬೇಕಿಲ್ಲ ಎಂದಿತು. ಮಲೆ ಮಹದೇಶ್ವರ ಬೆಟ್ಟದ ದಾರಿಯಲ್ಲೋ ಮೇಕೆದಾಟು ಕಡೆಯ ಕಾಡು ರಸ್ತೆಯಲ್ಲೋ ಟೈರಿನ ಪಕ್ಕ ಸೀಳಿದರೆ ಯಾವ ಕಿಟ್ಟೂ ಅದನ್ನು ಮುಚ್ಚುವುದಿಲ್ಲ. ಸ್ಟೆಪ್ನಿ ಬಿಡಬೇಡಿ. ಆಗುವುದಾದರೆ ಸ್ಟೆಪ್ನಿಗೂ ಒಂದು ಸೆನ್ಸರ್ ಹಾಕಿ. ಬೇಕಾದಾಗ ಇಳಿಸಿ ನೋಡಿದರೆ ಅದರಲ್ಲೇ ಗಾಳಿಯಿಲ್ಲದಿರುವುದು ಎಷ್ಟು ಮನೆಗಳ ಅನುಭವ!

ಅಂಗಡಿಯಲ್ಲಿ ಡಬ್ಬಿ ಕೈಗೆ ಬಂದಾಗ ಮೊದಲು ನೋಡಬೇಕಾದ್ದು ಸೆನ್ಸರ್ ಎಷ್ಟರವರೆಗೆ ಅಳೆಯುತ್ತದೆ ಎಂಬುದು. ಕಾರಿನವು ಕಡಿಮೆ ಒತ್ತಡಕ್ಕೇ ನಿಂತುಬಿಡುತ್ತವೆ. ಕಾರಿಗೆ 30–36 ಪಾಯಿಂಟ್ ಗಾಳಿ ಸಾಕು. ದೊಡ್ಡ ಲಾರಿ ಟೈರಿಗೆ ನೂರನ್ನೂ ದಾಟುತ್ತದೆ. ಪಿಕಪ್, ಟ್ರಾವೆಲರ್‌ಗಳದ್ದು ಇವೆರಡರ ನಡುವೆ. ನಿಮ್ಮ ಗಾಡಿಗೆ ಎಷ್ಟೆಂದು ಡ್ರೈವರ್ ಬಾಗಿಲ ಹತ್ತಿರದ ಪಟ್ಟಿಯಲ್ಲೋ ಕೈಪಿಡಿಯಲ್ಲೋ ಬರೆದಿರುತ್ತದೆ. ಟೈರಿನ ಮೇಲೆ ಅಚ್ಚಾಗಿರುವ ಗರಿಷ್ಠ ಒತ್ತಡ ಆ ಟೈರಿನ ಮಿತಿ, ಅದನ್ನೇ ತುಂಬಿಸಬೇಕೆಂದಲ್ಲ. ನಿಮಗೆ ಬೇಕಾದ್ದಕ್ಕಿಂತ ಕನಿಷ್ಠ ಮೂರನೇ ಒಂದು ಪಾಲು ಮೇಲಿನವರೆಗೆ ಅಳೆಯುವ ಸೆನ್ಸರ್ ತೆಗೆದುಕೊಳ್ಳಿ.

ಆಮೇಲೆ ದೂರ. ಕಾರಿನಲ್ಲಿ ತೊಂದರೆಯಿಲ್ಲ. ಕ್ಯಾರವಾನಿನಲ್ಲಿ ಹಿಂದಿನ ಚಕ್ರಕ್ಕೂ ಡ್ಯಾಶ್‌ಬೋರ್ಡಿಗೂ ನಡುವೆ ತಗಡು, ನೀರಿನ ಟ್ಯಾಂಕು, ಬ್ಯಾಟರಿ, ಇನ್ವರ್ಟರ್ ಎಲ್ಲ ಬರುತ್ತವೆ. ಸೆನ್ಸರಿನ ಸಂಕೇತ ಬಲು ಮೆಲ್ಲಗಿನದು. ಅದನ್ನು ಹಿಡಿದು ಮುಂದಕ್ಕೆ ದಾಟಿಸುವ ರಿಪೀಟರ್ ಎಂಬ ಪೆಟ್ಟಿಗೆ ಸೆಟ್ಟಿನ ಜೊತೆ ಬರುತ್ತದೆಯೇ ಕೇಳಿ. ಬಾವನ ಗಾಡಿಯಲ್ಲಿ ಅದಿಲ್ಲದೆ ಹಿಂದಿನ ಎರಡು ಅಂಕಿ ಬರುತ್ತಿದ್ದವು, ಹೋಗುತ್ತಿದ್ದವು. ಹಿಂದಿನ ಸೀಟಿನ ಕೆಳಗೆ ರಿಪೀಟರ್ ಇಟ್ಟ ಮೇಲೆ ನಿಂತವು. ಮೊಬೈಲಿಗೆ ಬ್ಲೂಟೂತಿನಲ್ಲಿ ತೋರಿಸುವ ಅಗ್ಗದ ಬಗೆಯೂ ಇದೆ. ಡ್ರೈವರಿಗೆ ಫೋನ್ ಬಂದಾಗ, ಮ್ಯಾಪ್ ಹಾಕಿದಾಗ ಟೈರಿನ ಅಂಕಿ ಹಿಂದೆ ಸರಿಯುತ್ತದೆ. ಎಚ್ಚರಿಕೆಗೆಂದೇ ಇರುವ ವಸ್ತುವಿಗೆ ತನ್ನದೇ ಪರದೆ, ತನ್ನದೇ ಸದ್ದು ಇರಬೇಕು. ಸದ್ದು ಎಷ್ಟು ಜೋರೆಂದು ಅಂಗಡಿಯಲ್ಲೇ ಕೇಳಿಸಿಕೊಳ್ಳಿ. ಸಂತೆಗೆ ಹೊರಟ ಪಿಕಪ್ಪಿನಲ್ಲಿ ಹಾಡು ಹಾಕಿರುತ್ತಾರೆ, ಅದನ್ನು ಮೀರಿ ಕೇಳಿಸಬೇಕು.

ಕೊಳ್ಳುವ ಮುಂಚೆ ಒಂದು ಪರೀಕ್ಷೆ ಮಾಡಿಸಿ. ಒಂದು ಚಕ್ರಕ್ಕೆ ಸೆನ್ಸರ್ ಹಾಕಿಸಿ, ಪರದೆಯ ಅಂಕಿಯನ್ನು ನಂಬಿಗಸ್ತ ಗೇಜಿನ ಅಂಕಿಯೊಡನೆ ಹೋಲಿಸಿ. ಒಂದೆರಡು ಪಾಯಿಂಟ್ ಆಚೀಚೆ ಸಹಜ. ಐದು ಪಾಯಿಂಟ್ ವ್ಯತ್ಯಾಸ ಬಂದರೆ ಆ ಸೆಟ್ಟು ಬೇಡ. ನಂತರ ಸೆನ್ಸರನ್ನು ಅರ್ಧ ತಿರುವು ಸಡಿಲಿಸಿ ಗಾಳಿ ಬಿಡಿ. ಬೇಗ ಸೋರುವಾಗ ಕೂಡಲೇ ಕೂಗಬೇಕು. ನಿಮಿಷಗಟ್ಟಲೆ ತಡ ಮಾಡಿದರೆ ಹೆದ್ದಾರಿಯಲ್ಲಿ ಅದರಿಂದ ಪ್ರಯೋಜನವಿಲ್ಲ.

ನಾಲ್ಕು ಚಕ್ರದ ಹೊರಗಿನ ಸೆಟ್ಟು ಕೆಲವು ಸಾವಿರ ರೂಪಾಯಿಗೆ ಬರುತ್ತದೆ. ಚಕ್ರ ಹೆಚ್ಚಿದಂತೆ, ರಿಪೀಟರ್ ಸೇರಿದಂತೆ ಏರುತ್ತದೆ. ಬಿಡಿ ಸೆನ್ಸರ್ ಮುಂದೆಯೂ ಸಿಗುತ್ತದೆಯೇ ಎಂದು ಕೇಳಿ ತಿಳಿದುಕೊಂಡೇ ದುಡ್ಡು ಕೊಡಿ. ಒಂದು ಸೆನ್ಸರ್ ಕಳೆದರೆ ಇಡೀ ಸೆಟ್ಟು ಮೂಲೆಗೆ ಬೀಳಬಾರದು.

ಹಾಕಿಸಿದವರಲ್ಲಿ ಹೆಚ್ಚಿನವರು ಎಡವುವುದು ಅಂಕಿ ಹೊಂದಿಸುವಲ್ಲಿ. ಡಬ್ಬಿಯಿಂದ ತೆಗೆದಾಗ ಅದು ಬಾರ್ ಲೆಕ್ಕದಲ್ಲಿರಬಹುದು. 33 ಪಾಯಿಂಟ್ ಎಂದರೆ ಸುಮಾರು 2.3 ಬಾರ್. ಮೊದಲು ಅದನ್ನು ಪಿಎಸ್ಐಗೆ ತಿರುಗಿಸಿ. ಎಚ್ಚರಿಕೆಯ ಕೆಳಮಿತಿಯನ್ನು ಯಾವುದೋ ಕಾರಿನ ಲೆಕ್ಕಕ್ಕೆ ಇಟ್ಟಿರುತ್ತಾರೆ. 60 ಪಾಯಿಂಟ್ ಬೇಕಾದ ಪಿಕಪ್ಪಿಗೆ ಆ ಮಿತಿ ಮುಟ್ಟುವ ಹೊತ್ತಿಗೆ ಟೈರು ಮುಗಿದಿರುತ್ತದೆ. ಅಮೆರಿಕದ ನಿಯಮ ನೂರಕ್ಕೆ 25 ಇಳಿದಾಗ ದೀಪ ಹತ್ತಬೇಕೆನ್ನುತ್ತದೆ. ಭಾರ ಹೇರುವ ಗಾಡಿಗೆ ಅದು ತಡವಾಯಿತು ಎಂಬುದು ನನ್ನ ಅಭಿಪ್ರಾಯ. ನಾನು ನೂರಕ್ಕೆ 15ಕ್ಕೇ ಇಡುತ್ತೇನೆ: 33ರ ಕಾರಿಗೆ 28, 60ರ ಗಾಡಿಗೆ 51. ಮೇಲ್ಮಿತಿ ನೂರಕ್ಕೆ 25 ಹೆಚ್ಚು: 41 ಮತ್ತು 75. ಈ ಲೆಕ್ಕವೆಲ್ಲ ತಣ್ಣಗಿನ ಟೈರಿನದು, ಅಂದರೆ ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ, ನೆರಳಲ್ಲಿ ನಿಂತಾಗ ಇರುವ ಗಾಳಿ.

ಓಡುತ್ತಾ ಅಂಕಿ ಏರುವುದನ್ನು ಕಂಡು ಮೊದಲ ವಾರ ಎಲ್ಲರೂ ಗಾಬರಿಯಾಗುತ್ತಾರೆ. ಬೆಳಿಗ್ಗೆ 20 ಡಿಗ್ರಿಯಲ್ಲಿ 33 ಇದ್ದ ಕಾರಿನ ಟೈರು ಒಳಗೆ 55 ಡಿಗ್ರಿ ಮುಟ್ಟಿದಾಗ 38–39 ತೋರಿಸುತ್ತದೆ. 60 ಇದ್ದದ್ದು 60 ಡಿಗ್ರಿಯಲ್ಲಿ 70 ಆಗುತ್ತದೆ. ಬಿಸಿಯಾದ ಗಾಳಿ ಹಿಗ್ಗುವುದು ಸಹಜ, ಟೈರನ್ನು ಅದಕ್ಕೆಂದೇ ಮಾಡಿರುತ್ತಾರೆ. ಶ್ರೀರಂಗಪಟ್ಟಣದ ಹತ್ತಿರ ನಿಲ್ಲಿಸಿ "ಜಾಸ್ತಿ ಆಯ್ತು" ಎಂದು ಗಾಳಿ ಬಿಟ್ಟರೆ ಸಂಜೆ ತಣ್ಣಗಾದಾಗ ಅದು ಬೇಕಾದ್ದಕ್ಕಿಂತ ಕೆಳಗಿಳಿಯುತ್ತದೆ, ಮರುದಿನ ಅದೇ ಟೈರು ಬೇಯುತ್ತದೆ. ಬಿಸಿ ಟೈರಿನ ಗಾಳಿ ಬಿಡಲೇಬಾರದು. ನೋಡಬೇಕಾದ್ದು ಒಂದಕ್ಕೊಂದರ ಹೋಲಿಕೆ. ನಾಲ್ಕೂ ಒಟ್ಟಿಗೆ ಏರುವಾಗ ಒಂದು ಮಾತ್ರ ಏರದೆ ನಿಂತರೆ ಅದು ಸೋರುತ್ತಿದೆ. ಒಂದರ ಶಾಖ ಮಾತ್ರ ಹತ್ತು ಹದಿನೈದು ಡಿಗ್ರಿ ಮೇಲಿದ್ದರೆ ಆ ಚಕ್ರದ ಬ್ರೇಕು ಹಿಡಿದುಕೊಂಡಿರಬಹುದು, ಬೇರಿಂಗ್ ಹೋಗಿರಬಹುದು. ಮಲೆ ಮಹದೇಶ್ವರ ಬೆಟ್ಟ ಇಳಿಯುವಾಗ ಬ್ರೇಕಿನ ಬಿಸಿ ಡಿಸ್ಕಿಗೆ ಹತ್ತಿ ಸೆನ್ಸರ್ ಹೆಚ್ಚು ತೋರಿಸುವುದುಂಟು. ಆಗ ಗೇರ್ ಇಳಿಸಿ, ಬ್ರೇಕಿಗೆ ವಿಶ್ರಾಂತಿ ಕೊಡಿ.

ಕ್ಯಾರವಾನಿನವರು ಇದಕ್ಕೂ ಮುಂಚೆ ಮಾಡಬೇಕಾದ ಕೆಲಸವೊಂದಿದೆ. ಗಾಡಿಯನ್ನು ಹೊರಡುವ ದಿನದ ಹಾಗೇ ತುಂಬಿಸಿ ವೇ ಬ್ರಿಡ್ಜ್ ಹತ್ತಿಸಿ. ಕನಕಪುರದ ಕಡೆ ಕಲ್ಲು ಸಾಗಿಸುವವರಿಗೆ ಅದು ದಿನದ ಮಾತು. ಮೊದಲು ಮುಂದಿನ ಚಕ್ರಗಳನ್ನು ಮಾತ್ರ, ಆಮೇಲೆ ಹಿಂದಿನವನ್ನು ಮಾತ್ರ ನಿಲ್ಲಿಸಿ ತೂಗಿಸಿ. ಇನ್ನೂರು ಲೀಟರ್ ನೀರು ಎಂದರೆ ಇನ್ನೂರು ಕಿಲೋ. ಅದೂ ಬ್ಯಾಟರಿಯೂ ಗ್ಯಾಸ್ ಸಿಲಿಂಡರೂ ಬಲಗಡೆಯೇ ಇದ್ದರೆ ಒಂದು ಟೈರು ಉಳಿದ ಮೂರಕ್ಕಿಂತ ಹೆಚ್ಚು ಹೊರುತ್ತಿರುತ್ತದೆ. ಬಾವನ ಗಾಡಿಯಲ್ಲಿ ಸುಟ್ಟದ್ದು ಬಲಗಡೆಯದೇ ಆದದ್ದಕ್ಕೆ ಇದೂ ಕಾರಣ. ಟ್ಯಾಂಕನ್ನು ನಡುವೆ ಸರಿಸಿದ ಮೇಲೆ ಎರಡೂ ಕಡೆಯ ಶಾಖ ಒಂದೇ ಸಮ ಬರುತ್ತಿದೆ. ಸೆನ್ಸರ್ ಇಲ್ಲದಿದ್ದರೆ ನಮಗೆ ಇದು ಗೊತ್ತಾಗುತ್ತಿರಲಿಲ್ಲ.

ಗೂಡು ಸಾಗಿಸುವವರ ಕಷ್ಟ ತೂಕದ್ದಲ್ಲ, ಹೊತ್ತಿನದು. ರಾಮನಗರದ ಮಾರುಕಟ್ಟೆಗೆ ಹರಾಜಿನ ಹೊತ್ತಿಗೆ ಮುಟ್ಟಬೇಕು. ಗೂಡಿನೊಳಗೆ ಜೀವವಿದೆ, ಬಿಸಿಲಲ್ಲಿ ಚೀಲ ಕಟ್ಟಿಟ್ಟಷ್ಟು ಹೊತ್ತೂ ಗುಣ ಕೆಡುತ್ತದೆ. ಕತ್ತಲಲ್ಲಿ ಹೊರಟು ದಾರಿಯಲ್ಲಿ ಜಾಕಿ ಏರಿಸುವುದಕ್ಕಿಂತ, ಹಿಂದಿನ ಸಂಜೆಯೇ ಪರದೆ ನೋಡಿ ಗಾಳಿ ಹೊಡೆಸಿಟ್ಟರೆ ಬೆಳಗಿನ ಅಷ್ಟೂ ಸಮಯ ಉಳಿಯುತ್ತದೆ. ಮಾವಿನ ಕಾಲದಲ್ಲಿ ಕ್ಯಾಂಟರ್ ಹೊಡೆಯುವವರದ್ದು ನಿಜವಾಗಿಯೂ ತೂಕದ ಕಷ್ಟ. ಅವರು ಮೇಲ್ಮಿತಿಗಿಂತ ಶಾಖದ ಅಂಕಿಯನ್ನು ಹೆಚ್ಚು ಗಮನಿಸಬೇಕು. ಬಹಳ ಸೆಟ್ಟುಗಳು 70 ಡಿಗ್ರಿಯ ಆಸುಪಾಸಿಗೆ ಕೂಗುತ್ತವೆ. ಅದನ್ನು ಆಫ್ ಮಾಡಬೇಡಿ.

ಈ ಸಾಧನ ಹೇಳದಿರುವ ವಿಷಯಗಳೂ ಇವೆ. ಮಂಚನಬೆಲೆ, ಸಾವನದುರ್ಗದ ಕಡೆ ಗುಂಡಿಗೆ ಬಿದ್ದು ಟೈರಿನ ಪಕ್ಕದಲ್ಲಿ ಗುಳ್ಳೆ ಎದ್ದರೆ ಗಾಳಿಯ ಅಂಕಿ ಸರಿಯಾಗೇ ಇರುತ್ತದೆ. ಟೈರು ಹಳತಾಗಿ ಬಿರುಕು ಬಿಟ್ಟರೂ ಅಷ್ಟೆ. ಟೈರಿನ ಪಕ್ಕದಲ್ಲಿ ಮೊಟ್ಟೆಯಾಕಾರದ ಗೆರೆಯೊಳಗೆ ಅಚ್ಚಾಗಿರುವ ನಾಲ್ಕು ಅಂಕಿ ಓದಲು ಕಲಿಯಿರಿ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಕ್ಯಾರವಾನಿನ ಟೈರು ಸವೆಯುವ ಮುಂಚೆಯೇ ಮುದಿಯಾಗುತ್ತದೆ, ಏಕೆಂದರೆ ಅದು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಪಟ್ಟೆ ಚೆನ್ನಾಗಿದೆ ಎಂದು ಮೋಸಹೋಗಬೇಡಿ. ನೈಟ್ರೋಜನ್ ಹಾಕಿಸಿದ್ದೇನೆ, ಚಿಂತೆಯಿಲ್ಲ ಎನ್ನುವವರಿಗೂ ಒಂದು ಮಾತು: ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ. ಅದನ್ನು ಹಾಕಿಸಿದರೂ ವಾಲ್ವ್ ಸೋರಿದರೆ ಟೈರು ಕೂರುತ್ತದೆ.

ಬೈಪಾಸಿನ ಮೇಲೆ ಅದು ಕೂಗಿದರೆ ಏನು ಮಾಡಬೇಕೆಂದು ಮನೆಯಲ್ಲೇ ಒಮ್ಮೆ ಮಾತಾಡಿಕೊಳ್ಳಿ. ಬ್ರೇಕ್ ಗಕ್ಕನೆ ಒತ್ತಬಾರದು. ಸ್ಟಿಯರಿಂಗ್ ಎರಡೂ ಕೈಯಲ್ಲಿ ಹಿಡಿದು, ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಇಂಡಿಕೇಟರ್ ಹಾಕಿ ಎಡಕ್ಕೆ ಬನ್ನಿ. ನಿಧಾನವಾಗಿ ಇಳಿಯುತ್ತಿದ್ದರೆ, ಮಿತಿಗಿಂತ ಒಂದೆರಡು ಪಾಯಿಂಟ್ ಮಾತ್ರ ಕೆಳಗಿದ್ದರೆ, ನಲವತ್ತರಲ್ಲಿ ಹತ್ತಿರದ ಇಳಿದಾರಿ ಹಿಡಿದು ಊರೊಳಗೆ ಬರಬಹುದು. ಕಣ್ಣೆದುರೇ ಅಂಕಿ ಜಾರುತ್ತಿದ್ದರೆ ಅಲ್ಲೇ ಎಡ ಅಂಚಿಗೆ ನಿಲ್ಲಿಸಿ ನಾಲ್ಕೂ ದೀಪ ಹಾಕಿ. ಮಕ್ಕಳು, ಹಿರಿಯರು ಎಡಬಾಗಿಲಿನಿಂದಲೇ ಇಳಿದು ತಡೆಗೋಡೆಯ ಆಚೆ ನಿಲ್ಲಲಿ, ಗಾಡಿಯೊಳಗೆ ಕೂರುವುದು ಬೇಡ. ಕೆಂಪು ತ್ರಿಕೋನವನ್ನು ಚೆನ್ನಾಗಿ ಹಿಂದಕ್ಕೆ ಇಡಿ. ಬಲಗಡೆ ಚಕ್ರವಾದರೆ ಓಡುವ ಗಾಡಿಗಳ ಪಕ್ಕದಲ್ಲಿ ಕೂತು ಜಾಕಿ ಹಾಕುವ ಧೈರ್ಯ ಮಾಡಬೇಡಿ. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033. ಅದಕ್ಕೆ ಫೋನ್ ಮಾಡಿ ಕಾಯಿರಿ.

ಹೋದ ಸಲ ಕೊಡಗಿಗೆ ಹೊರಟಾಗ ಅಕ್ಕನ ಮಗ ಆರು ಗಂಟೆಗೇ ಎದ್ದು ಪರದೆ ನೋಡಿ ಅಂಕಿಗಳನ್ನು ಪುಸ್ತಕದಲ್ಲಿ ಬರೆದ. ಹಿಂದಿನ ಎಡಗಡೆಯದು ನಾಲ್ಕು ಪಾಯಿಂಟ್ ಕಡಿಮೆಯಿತ್ತು. ಹೊಸ ರಸ್ತೆ ಹತ್ತದೆ ಊರೊಳಗಿನ ಹಳೇ ರಸ್ತೆಯಲ್ಲಿ ಚನ್ನಪಟ್ಟಣದ ಅದೇ ಪಂಕ್ಚರ್ ಅಂಗಡಿಗೆ ಹೋದೆವು. ಅವರು ಟೈರು ಉರುಳಿಸಿ, ನೀರು ಬಳಿದು, ಪಟ್ಟೆಯ ನಡುವಿನಿಂದ ಒಂದು ಸಣ್ಣ ಮೊಳೆ ಕಿತ್ತು ಹುಡುಗನ ಕೈಗೆ ಕೊಟ್ಟರು. ಪಂಕ್ಚರ್ ಹಾಕಿ, ಸೆನ್ಸರ್ ಮತ್ತೆ ಕೂರಿಸಿ, ಪರದೆಯಲ್ಲಿ ಅಂಕಿ ಬರುವವರೆಗೆ ನಿಂತು ನೋಡಿದರು. "ನಾನ್ ಕೂಗೋ ಕೆಲ್ಸ ಇದ್ ಮಾಡ್ತೈತೆ. ಕೂಗಿದ್ರೆ ಮಾತ್ರ ನಿಲ್ಸಿ ಸಾರ್" ಅಂದರು.